ಇಲಿಯ ಒಡನಾಟವನ್ನು ಅಳೆದವರು: ಆಟಿಸಂ ಸಂಶೋಧನೆಯ ಒಂದು ಚರಿತ್ರೆ

ಆಟಿಸಂ ಎಂಬ ಸ್ಥಿತಿಯನ್ನು ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಚಿತ್ರದಿಂದಾಗಲಿ ನಿರ್ಣಯಿಸುವ ದಾರಿ ಇಂದಿಗೂ ಇಲ್ಲ. ಮಗು ಇತರರೊಡನೆ ಹೇಗೆ ಬೆರೆಯುತ್ತದೆ, ಮಾತನ್ನೂ ಸನ್ನೆಗಳನ್ನೂ ಹೇಗೆ ಬಳಸುತ್ತದೆ, ಯಾವ ಚಲನೆಗೆ ಅಥವಾ ಯಾವ ಆಸಕ್ತಿಗೆ ಮರಳಿ ಮರಳಿ ಹೋಗುತ್ತದೆ ಎಂಬುದನ್ನು ನುರಿತವರು ಗಮನಿಸಿ, ಹೆತ್ತವರನ್ನು ವಿಚಾರಿಸಿ ತೀರ್ಮಾನಕ್ಕೆ ಬರುತ್ತಾರೆ. ಹೀಗೆ ವರ್ತನೆಯಿಂದ ಮಾತ್ರ ಗುರುತಿಸಬಹುದಾದ, ಅದರಲ್ಲೂ ಮನುಷ್ಯರ ಮಾತು ಮತ್ತು ಸಹವಾಸಗಳಿಗೆ ಸಂಬಂಧಿಸಿದ ಸ್ಥಿತಿಯನ್ನು ಮಾತೇ ಇಲ್ಲದ, ವಾಸನೆಯನ್ನೇ ಹೆಚ್ಚಾಗಿ ನೆಚ್ಚಿ ಬದುಕುವ, ಹುಟ್ಟಿದ ಕೆಲವೇ ವಾರಗಳಲ್ಲಿ ಪ್ರಾಯಕ್ಕೆ ಬರುವ ಪುಟ್ಟ ಇಲಿಯಲ್ಲಿ ಅಧ್ಯಯನ ಮಾಡಬಹುದೆಂಬ ಎಣಿಕೆ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೂ ಕಳೆದ ಮೂರು ದಶಕಗಳಲ್ಲಿ ಆಟಿಸಂನ ಜೈವಿಕ ಹಿನ್ನೆಲೆಯ ಬಗ್ಗೆ ದೊರೆತ ತಿಳಿವಳಿಕೆಯ ಒಂದು ದೊಡ್ಡ ಪಾಲು, ವಂಶವಾಹಿಯನ್ನು, ಎಂದರೆ ಜೀನನ್ನು, ಉದ್ದೇಶಪೂರ್ವಕವಾಗಿ ಬದಲಿಸಿದ ಇಲಿಗಳಿಂದ ಬಂದಿದೆ. ಈ ಪರಂಪರೆಯಲ್ಲಿ ವಂಶವಾಹಿಯನ್ನು ಬದಲಿಸುವ ಕೌಶಲ ಬೇಗ ಕೈಗೂಡಿತು. ಬದಲಾದ ಇಲಿಯ ವರ್ತನೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು, ಮತ್ತು ಮುಂದೆ ಎದ್ದ ವಿವಾದಗಳೂ ಕಂಡ ಸೋಲುಗಳೂ ಬಹುಮಟ್ಟಿಗೆ ಆ ಹಿಂದುಳಿದ ಪ್ರಶ್ನೆಗೇ ಸೇರಿದವು.

ಪ್ರಯೋಗಶಾಲೆಯ ಇಲಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಜಪಾನಿನಲ್ಲಿ ಬಣ್ಣಬಣ್ಣದ ಇಲಿಗಳನ್ನು ಹವ್ಯಾಸಕ್ಕಾಗಿ ಸಾಕುವ ರೂಢಿ 18ನೆಯ ಶತಮಾನದ ಹೊತ್ತಿಗೆ ಎಷ್ಟು ಬೆಳೆದಿತ್ತೆಂದರೆ, 1787ರಲ್ಲಿ ಅವುಗಳ ಸಾಕಣೆಯ ಬಗ್ಗೆಯೇ ಒಂದು ಕೈಪಿಡಿ ಅಚ್ಚಾಯಿತು. ಅಲ್ಲಿಂದ ಯೂರೋಪಿಗೂ ಅಮೆರಿಕಕ್ಕೂ ಹರಡಿದ ಸಾಕು ಇಲಿಗಳಲ್ಲಿ ಒಳಕಿವಿಯ ದೋಷದಿಂದ ಸುತ್ತುಸುತ್ತಾಗಿ ಓಡುವ ಒಂದು ಬಗೆಯೂ ಇತ್ತು. ಇದನ್ನು ‘ನರ್ತಿಸುವ ಇಲಿ’ ಎಂದು ಕರೆಯುತ್ತಿದ್ದರು. ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ 1907ರಲ್ಲಿ ಈ ಇಲಿಯ ನಡವಳಿಕೆಯ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದನು. ಆನುವಂಶಿಕ ದೋಷವೊಂದು ವರ್ತನೆಯಾಗಿ ಕಾಣಿಸಿಕೊಳ್ಳುವುದನ್ನು ಪಂಜರದೊಳಗೆ ನೋಡಿ ದಾಖಲಿಸುವ ಕೆಲಸ ಹೀಗೆ ಹವ್ಯಾಸಿಗಳ ಕೈಯಿಂದ ವಿದ್ವಾಂಸರ ಕೈಗೆ ಬಂದಿತು.

ಇದೇ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ, ಅನಾರೋಗ್ಯದಿಂದ ಶಾಲೆಯ ಕೆಲಸ ಬಿಟ್ಟಿದ್ದ ಅಬ್ಬಿ ಲ್ಯಾತ್ರಾಪ್ ಎಂಬ ಉಪಾಧ್ಯಾಯಿನಿ ಒಂದು ಜೊತೆ ನರ್ತಿಸುವ ಇಲಿಗಳಿಂದ ಸಾಕಣೆ ಆರಂಭಿಸಿದಳು. ಮನೆಯಲ್ಲಿ ಸಾಕುವವರಿಗೆ ಮಾರುವುದು ಅವಳ ಮೊದಲ ಉದ್ದೇಶವಾಗಿತ್ತು. ಆದರೆ ಹಾರ್ವರ್ಡ್‌ನ ಬಸ್ಸಿ ಸಂಸ್ಥೆಯಲ್ಲಿ ಅನುವಂಶೀಯತೆಯನ್ನು ಅಧ್ಯಯನ ಮಾಡುತ್ತಿದ್ದ ವಿಲಿಯಂ ಕ್ಯಾಸಲ್ ಮೊದಲಾದವರು ಅವಳ ಗಿರಾಕಿಗಳಾದ ಮೇಲೆ ಅವಳ ಕೊಟ್ಟಿಗೆಗಳಲ್ಲಿ ಇಲಿಗಳ ಸಂಖ್ಯೆ ಒಂದು ಹಂತದಲ್ಲಿ 11,000ವನ್ನು ದಾಟಿತು. ಯಾವ ಇಲಿ ಯಾವುದರ ಸಂತತಿ ಎಂಬುದನ್ನು ಅವಳು ಎಚ್ಚರದಿಂದ ಬರೆದಿಡುತ್ತಿದ್ದಳು. ಕೆಲವು ಇಲಿಗಳ ಮೈಮೇಲೆ ಗಂಟುಗಳನ್ನು ಕಂಡಾಗ ಅವುಗಳನ್ನು ರೋಗತಜ್ಞ ಲಿಯೋ ಲೋಬ್‌ಗೆ ಕಳುಹಿಸಿದಳು. ಅವು ಕ್ಯಾನ್ಸರ್ ಎಂದು ಖಚಿತವಾದ ಬಳಿಕ ಇಬ್ಬರೂ ಕೂಡಿ ಪ್ರಬಂಧಗಳನ್ನು ಪ್ರಕಟಿಸಿದರು. ವಿಜ್ಞಾನದ ಚರಿತ್ರೆಗಳು ಈ ಮಹಿಳೆಗೆ ಸಾಮಾನ್ಯವಾಗಿ ಒಂದು ವಾಕ್ಯವನ್ನು ಮಾತ್ರ ಮೀಸಲಿಡುತ್ತವೆ; ಆದರೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಯೋಗದ ಇಲಿಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಬಹಳಷ್ಟು ಸಲ ಅದು ಮುಟ್ಟುವುದು ಅವಳ ಕೊಟ್ಟಿಗೆಯನ್ನೇ.

ಕ್ಯಾಸಲ್‌ನ ಶಿಷ್ಯನಾಗಿದ್ದ ಕ್ಲಾರೆನ್ಸ್ ಕುಕ್ ಲಿಟಲ್ 1909ರಲ್ಲಿ ಒಡಹುಟ್ಟಿದ ಇಲಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋಗುವ ಕ್ರಮವನ್ನು ಕೈಗೊಂಡನು. ಹೀಗೆ ಇಪ್ಪತ್ತು ತಲೆಮಾರು ಕಳೆದರೆ ಆ ಗುಂಪಿನ ಇಲಿಗಳೆಲ್ಲ ಅವಳಿಗಳಂತೆ ಬಹುತೇಕ ಒಂದೇ ವಂಶವಾಹಿಗಳನ್ನು ಹೊಂದಿರುತ್ತವೆ. ಇಂಥ ಗುಂಪಿಗೆ ಒಳತಳಿ ಎನ್ನಬಹುದು. ಒಳತಳಿಯ ಎರಡು ಇಲಿಗಳ ನಡುವೆ ವ್ಯತ್ಯಾಸ ಕಂಡರೆ ಅದು ಹುಟ್ಟಿನಿಂದ ಬಂದುದಲ್ಲ, ಪ್ರಯೋಗದಿಂದ ಬಂದುದು ಎಂದು ವಾದಿಸಲು ಇದರಿಂದ ಆಧಾರ ಸಿಕ್ಕಿತು. 1921ರಲ್ಲಿ ಲಿಟಲ್ ಲ್ಯಾತ್ರಾಪ್‌ಳ ಸಂಗ್ರಹದಿಂದ ಬಂದ 57ನೆಯ ಸಂಖ್ಯೆಯ ಹೆಣ್ಣಿಲಿಯಿಂದ ಬೆಳೆಸಿದ ಕಪ್ಪು ತಳಿಯ ಒಂದು ಕವಲೇ ‘ಸಿ57 ಬ್ಲ್ಯಾಕ್ 6’. 1929ರಲ್ಲಿ ಡೆಟ್ರಾಯಿಟ್‌ನ ಮೋಟಾರು ಉದ್ಯಮಿಗಳ ಹಣದ ನೆರವಿನಿಂದ ಆತ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಇಲಿಗಳನ್ನು ಬೆಳೆಸಿ ಇತರ ಸಂಶೋಧಕರಿಗೆ ಮಾರುವುದು ಅದರ ಕಸುಬಿನ ಒಂದು ಭಾಗವಾಯಿತು. 1947ರ ಕಾಡ್ಗಿಚ್ಚಿನಲ್ಲಿ ಈ ಸಂಸ್ಥೆ ಸುಟ್ಟುಹೋದಾಗ, ಹಿಂದೆ ಅಲ್ಲಿಂದಲೇ ಇಲಿಗಳನ್ನು ಪಡೆದಿದ್ದ ಪ್ರಯೋಗಶಾಲೆಗಳು ಅದೇ ತಳಿಗಳ ಇಲಿಗಳನ್ನು ಹಿಂದಿರುಗಿಸಿದ್ದರಿಂದ ಸಂಗ್ರಹ ಮತ್ತೆ ಕಟ್ಟಿಕೊಂಡಿತು. ಮುಂದೆ 2002ರಲ್ಲಿ ಇಲಿಯ ಸಮಗ್ರ ಆನುವಂಶಿಕ ಲಿಪಿಯ ಕರಡು ಪ್ರಕಟವಾದಾಗ ಅದಕ್ಕೆ ಆರಿಸಿಕೊಂಡದ್ದು ಬ್ಲ್ಯಾಕ್ 6 ತಳಿಯನ್ನೇ. ಈ ತಳಿಯ ಇಲಿಗಳಿಗೆ ವಯಸ್ಸಾದಂತೆ ಕಿವಿ ಮಂದವಾಗುತ್ತದೆ ಎಂಬ ಸಂಗತಿಯನ್ನು ಇಲ್ಲಿ ಹೇಳಿಡುವುದು ಅನುಚಿತವಲ್ಲ. ಎಲ್ಲ ಹೋಲಿಕೆಗೂ ಮಾನದಂಡವೆಂದು ಹಿಡಿದ ಪ್ರಾಣಿಯೂ ತನ್ನದೇ ಆದ ಊನಗಳನ್ನು ಹೊತ್ತೇ ಬಂದಿತ್ತು.

ಆಟಿಸಂನ ಚರಿತ್ರೆ ಇದರಿಂದ ಬಹುಕಾಲ ದೂರವೇ ಉಳಿದಿತ್ತು. ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ 1920ರ ದಶಕದಲ್ಲಿಯೇ ಇಂಥ ಮಕ್ಕಳನ್ನು ವರ್ಣಿಸಿದ್ದಳು. ಆದರೆ ವೈದ್ಯಲೋಕದಲ್ಲಿ ನೆಲೆಯೂರಿದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 1943ರಲ್ಲಿ 8 ಹುಡುಗರು ಮತ್ತು 3 ಹುಡುಗಿಯರ ಬಗ್ಗೆ ಬರೆದ ಪ್ರಬಂಧ. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಹತ್ತಿರದ ಲಕ್ಷಣಗಳುಳ್ಳ ಮಕ್ಕಳ ವಿವರ ಕೊಟ್ಟನು. ಈ ಕೊರತೆ ಹುಟ್ಟಿನಿಂದಲೇ ಬಂದುದೆಂದು ಕ್ಯಾನರ್ ತನ್ನ ಮೊದಲ ಪ್ರಬಂಧದಲ್ಲಿ ಅಭಿಪ್ರಾಯಪಟ್ಟಿದ್ದರೂ ಹೆತ್ತವರ ತಣ್ಣನೆಯ ಸ್ವಭಾವವನ್ನೂ ಪ್ರಸ್ತಾಪಿಸಿದ್ದನು. ಮುಂದಿನ ಎರಡು ದಶಕಗಳ ಮನೋವಿಶ್ಲೇಷಣೆಯ ವಾತಾವರಣದಲ್ಲಿ ಮೊದಲನೆಯ ಮಾತು ಮರೆಯಾಗಿ ಎರಡನೆಯದು ಬೆಳೆಯಿತು, ಮತ್ತು ತಾಯಿಯ ವಾತ್ಸಲ್ಯದ ಕೊರತೆಯೇ ಕಾರಣವೆಂಬ ಆರೋಪ ಸಾವಿರಾರು ಮನೆಗಳ ಮೇಲೆ ಬಿದ್ದಿತು. ಇದಕ್ಕೆ ಅತಿಹೆಚ್ಚು ಪ್ರಚಾರ ಕೊಟ್ಟದ್ದು 1967ರಲ್ಲಿ ಬಂದ ಬ್ರೂನೋ ಬೆಟಲ್‌ಹೈಮ್‌ನ ಗ್ರಂಥ. ಅದಕ್ಕೂ ಮೂರು ವರ್ಷ ಮೊದಲೇ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಇರುವ ಮಗನ ತಂದೆ, ಕಾರಣವನ್ನು ನರಮಂಡಲದಲ್ಲಿ ಹುಡುಕಬೇಕೆಂದು ವಾದಿಸಿದ್ದನು. ವಾದ ನಿರ್ಣಾಯಕವಾಗಿ ತಿರುಗಿದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ಬ್ರಿಟನ್ನಿನ 21 ಜೊತೆ ಅವಳಿಗಳನ್ನು ಪರಿಶೀಲಿಸಿ, ಒಂದೇ ಅಂಡದಿಂದ ಹುಟ್ಟಿದ 11 ಜೊತೆಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇರುವುದನ್ನೂ, ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿಲ್ಲದಿರುವುದನ್ನೂ ತೋರಿಸಿದರು. ಮಾದರಿ ಚಿಕ್ಕದು, ಆದರೆ ತಾಯಿಯ ಮೇಲಿನ ಆರೋಪದಿಂದ ವಂಶವಾಹಿಯ ಶೋಧಕ್ಕೆ ದಾರಿ ಹೊರಳಲು ಅಷ್ಟು ಸಾಕಾಯಿತು.

ಶೋಧಕ್ಕೆ ಬೇಕಾದ ಸಾಧನ ಅದೇ ಹೊತ್ತಿಗೆ ಬೇರೆಡೆ ಸಿದ್ಧವಾಗುತ್ತಿತ್ತು. 1974ರಲ್ಲಿ ರುಡಾಲ್ಫ್ ಯಾನಿಶ್ ಮತ್ತು ಬಿಯಾಟ್ರಿಸ್ ಮಿಂಟ್ಸ್ ವೈರಸ್ ಒಂದರ ಡಿಎನ್ಎಯನ್ನು ಇಲಿಯ ಎಳೆಯ ಭ್ರೂಣಕ್ಕೆ ಚುಚ್ಚಿ, ಬೆಳೆದ ಇಲಿಯ ಅಂಗಾಂಶಗಳಲ್ಲಿ ಅದು ಉಳಿದಿರುವುದನ್ನು ಕಂಡರು. 1982ರಲ್ಲಿ ರಿಚರ್ಡ್ ಪಾಮಿಟರ್ ಮತ್ತು ರಾಲ್ಫ್ ಬ್ರಿನ್ಸ್ಟರ್ ರ್ಯಾಟ್‌ನ ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯನ್ನು ಸೇರಿಸಿ, ಒಡಹುಟ್ಟಿದವುಗಳಿಗಿಂತ ಬಹಳ ದೊಡ್ಡದಾಗಿ ಬೆಳೆದ ಇಲಿಗಳನ್ನು ಪಡೆದಾಗ ಅವುಗಳ ಚಿತ್ರ ಲೋಕದ ಗಮನ ಸೆಳೆಯಿತು. ಇವೆಲ್ಲ ಹೊಸ ವಂಶವಾಹಿಯನ್ನು ಎಲ್ಲಾದರೂ ತುರುಕುವ ವಿಧಾನಗಳು. ಇರುವ ಒಂದು ವಂಶವಾಹಿಯನ್ನೇ ಗುರಿಯಿಟ್ಟು ಕೆಡಿಸುವುದಕ್ಕೆ ಎರಡು ಶೋಧಗಳು ಕೂಡಬೇಕಾಯಿತು: ಭ್ರೂಣದಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಬಹುದಾದ, ಯಾವ ಅಂಗವಾಗಿಯೂ ರೂಪುಗೊಳ್ಳಬಲ್ಲ ಆಕರಕೋಶಗಳನ್ನು ಇಂಗ್ಲೆಂಡಿನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್ 1981ರಲ್ಲಿ ಪಡೆದರು, ಅಂಥ ಕೋಶದೊಳಗೆ ಬೇಕಾದ ವಂಶವಾಹಿಯನ್ನೇ ಹುಡುಕಿ ಅದರ ಜಾಗದಲ್ಲಿ ಕೆಟ್ಟ ಪ್ರತಿಯನ್ನು ಕೂರಿಸುವ ಉಪಾಯವನ್ನು ಅಮೆರಿಕದಲ್ಲಿ ಮಾರಿಯೋ ಕ್ಯಾಪೆಕಿ ಮತ್ತು ಆಲಿವರ್ ಸ್ಮಿಥೀಸ್ ಪ್ರತ್ಯೇಕವಾಗಿ ಸಾಧಿಸಿದರು. 1989ರ ಹೊತ್ತಿಗೆ ಹೀಗೆ ಗುರಿಯಿಟ್ಟು ವಂಶವಾಹಿ ಕೆಡಿಸಿದ, ‘ನಾಕೌಟ್’ ಎಂದು ಹೆಸರಾದ, ಮೊದಲ ಇಲಿಗಳು ಹುಟ್ಟಿದವು. ಇವಾನ್ಸ್, ಕ್ಯಾಪೆಕಿ, ಸ್ಮಿಥೀಸ್ ಮೂವರಿಗೂ 2007ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನೇಯ್ದ ಬಟ್ಟೆಯಿಂದ ಒಂದೇ ಎಳೆಯನ್ನು ಎಳೆದು ತೆಗೆದು, ಸಡಿಲವಾದ ಜಾಗದಿಂದ ಆ ಎಳೆಯ ಕೆಲಸವನ್ನು ಊಹಿಸುವ ತರ್ಕ ಇದು. ಉಳಿದ ಎಳೆಗಳು ತಾವಾಗಿ ಬಿಗಿದುಕೊಂಡು ಕೊರತೆಯನ್ನು ಮುಚ್ಚಿಬಿಡುವ ಸಾಧ್ಯತೆಯೂ ಇದೆಯೆಂಬುದು ಆಮೇಲೆ ಅನುಭವಕ್ಕೆ ಬಂದಿತು.

ವರ್ತನೆಯ ಅಧ್ಯಯನಕ್ಕೆ ಈ ಸಾಧನ ಬಂದದ್ದು 1992ರಲ್ಲಿ, ಸುಸುಮು ಟೊನೆಗಾವಾನ ಪ್ರಯೋಗಶಾಲೆಯಲ್ಲಿ ಆಲ್ಸಿನೋ ಸಿಲ್ವಾ ನರಕೋಶದ ಒಂದು ಕಿಣ್ವವನ್ನು ಇಲ್ಲವಾಗಿಸಿ, ಅಂಥ ಇಲಿಗಳು ದಾರಿ ಕಲಿಯುವುದರಲ್ಲಿ ಹಿಂದುಳಿಯುವುದನ್ನು ತೋರಿಸಿದಾಗ. ಆಟಿಸಂಗೆ ಹತ್ತಿರದ ಮೊದಲ ಇಲಿ ಎರಡು ವರ್ಷಗಳಲ್ಲಿ ಬಂದಿತು. ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಎಕ್ಸ್ ವರ್ಣತಂತುವಿನ ಮೇಲಿನ ಎಫ್ಎಂಆರ್1 ವಂಶವಾಹಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ಅನುಕ್ರಮ 200ಕ್ಕೂ ಹೆಚ್ಚು ಸಲ ಮರುಕಳಿಸಿ, ಅದರಿಂದ ಆ ವಂಶವಾಹಿ ಮೌನವಾಗುತ್ತದೆ; ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದರ ಜೊತೆಗೆ ಇಂಥ ಹುಡುಗರಲ್ಲಿ ಅನೇಕರಿಗೆ ಆಟಿಸಂ ಲಕ್ಷಣಗಳೂ ಇರುತ್ತವೆ. ವಂಶವಾಹಿ 1991ರಲ್ಲಿ ಪತ್ತೆಯಾಯಿತು, 1994ರಲ್ಲಿ ಡಚ್ ಮತ್ತು ಬೆಲ್ಜಿಯನ್ ಸಂಶೋಧಕರ ಕೂಟ ಅದನ್ನು ಕೆಡಿಸಿದ ಇಲಿಯನ್ನು ಪ್ರಕಟಿಸಿತು. ಮನುಷ್ಯರಲ್ಲಿ ಅನುಕ್ರಮ ಬೆಳೆದು ವಂಶವಾಹಿ ಮುಚ್ಚಿಹೋಗುತ್ತದೆ, ಇಲಿಯಲ್ಲಿ ಅದನ್ನು ನೇರವಾಗಿ ಕೆಡಿಸಲಾಯಿತು. ದಾರಿ ಬೇರೆಯಾದರೂ ಪ್ರೊಟೀನ್ ಇಲ್ಲವಾಗುವ ಫಲ ಒಂದೇ. ಈ ಇಲಿಗಳ ವೃಷಣಗಳು ರೋಗಿಗಳಲ್ಲಿ ಕಾಣುವಂತೆಯೇ ದೊಡ್ಡದಾಗಿದ್ದವು, ಆದರೆ ಕಲಿಕೆಯ ಕೊರತೆ ನಿರೀಕ್ಷಿಸಿದ್ದಕ್ಕಿಂತ ತೀರ ಸೌಮ್ಯವಾಗಿತ್ತು. ದೇಹದಲ್ಲಿ ಹೋಲಿಕೆ ಸ್ಪಷ್ಟ, ವರ್ತನೆಯಲ್ಲಿ ಅಸ್ಪಷ್ಟ ಎಂಬ ಈ ಅನುಭವ ಮುಂದೆ ಹಲವು ಬಾರಿ ಮರುಕಳಿಸಲಿತ್ತು.

ಒಡನಾಟವೇ ಕೆಡುವ ಇಲಿ ಮೊದಲು ಕಂಡದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. ಡಿಶೆವಲ್ಡ್ ಎಂಬ ವಂಶವಾಹಿ ಭ್ರೂಣದ ಬೆಳವಣಿಗೆಯಲ್ಲಿ ಮುಖ್ಯವೆಂದು ತಿಳಿದು ಅದರ ಒಂದು ಬಗೆಯನ್ನು ಕೆಡಿಸಿದ ಸಂಶೋಧಕರಿಗೆ 1997ರಲ್ಲಿ ಸಿಕ್ಕಿದ್ದು ಆರೋಗ್ಯವಾಗಿ ಬೆಳೆದ, ಆದರೆ ಮೀಸೆಯ ಕೂದಲು ಪೂರ್ತಿ ಉಳಿದಿದ್ದ ಇಲಿಗಳು. ಒಂದೇ ಪಂಜರದ ಇಲಿಗಳಲ್ಲಿ ಮೇಲುಗೈಯಾದದ್ದು ಇತರವುಗಳ ಮೀಸೆಯನ್ನು ಕಡಿದು ಮೊಟಕುಗೊಳಿಸುವುದು ಸಾಮಾನ್ಯ. ಇಲ್ಲಿ ಅದು ನಡೆದಿರಲಿಲ್ಲ. ಅವು ಒಟ್ಟಾಗಿ ಮುದುರಿ ಮಲಗುತ್ತಿರಲಿಲ್ಲ, ಗೂಡನ್ನೂ ಸರಿಯಾಗಿ ಕಟ್ಟುತ್ತಿರಲಿಲ್ಲ. 2000ದಲ್ಲಿ ಆಕ್ಸಿಟೋಸಿನ್ ಹಾರ್ಮೋನಿಲ್ಲದ ಇಲಿಗಳು ಒಮ್ಮೆ ಭೇಟಿಯಾದ ಇಲಿಯನ್ನು ಮರಳಿ ಗುರುತಿಸಲಾರವು ಎಂದು ಇನ್ನೊಂದು ಗುಂಪು ವರದಿಮಾಡಿತು. ಅವುಗಳ ವಾಸನೆಯ ಶಕ್ತಿಯಾಗಲಿ ಸಾಮಾನ್ಯ ನೆನಪಾಗಲಿ ಕೆಟ್ಟಿರಲಿಲ್ಲ. ಒಡನಾಟಕ್ಕೆ ಬೇರೆಯೇ ಆದ ಜೈವಿಕ ಆಧಾರ ಇದ್ದೀತು ಎಂಬ ಸುಳಿವು ಹೀಗೆ ದೊರೆಯಿತಾದರೂ ಒಬ್ಬೊಬ್ಬ ಸಂಶೋಧಕ ಒಂದೊಂದನ್ನು ಒಂದೊಂದು ರೀತಿಯಲ್ಲಿ ಅಳೆಯುತ್ತಿದ್ದುದರಿಂದ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಂತಿರಲಿಲ್ಲ.

ಈ ಗೊಂದಲಕ್ಕೆ ಒಂದು ಕ್ರಮ ತಂದವಳು ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜ್ಯಾಕ್ವೆಲಿನ್ ಕ್ರಾಲಿ. ಮಾರ್ಪಡಿಸಿದ ಇಲಿಯಲ್ಲಿ ಏನು ಕೆಟ್ಟಿದೆ ಎಂದು ಹೇಗೆ ಪರೀಕ್ಷಿಸಬೇಕೆಂಬುದರ ಬಗ್ಗೆ 2000ದಲ್ಲಿ ಪಠ್ಯಗ್ರಂಥವನ್ನು ಬರೆದಿದ್ದ ಈಕೆ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಹೋದ್ಯೋಗಿಗಳೊಡನೆ ಕೂಡಿ 2004ರಲ್ಲಿ ಮೂರು ಕೋಣೆಗಳ ಪರೀಕ್ಷೆಯನ್ನು ಪ್ರಕಟಿಸಿದಳು. ಪಾರದರ್ಶಕ ಪೆಟ್ಟಿಗೆಯೊಂದನ್ನು ಮೂರು ಭಾಗ ಮಾಡಿ, ನಡುವಿನ ಕೋಣೆಯಿಂದ ಎರಡೂ ಪಕ್ಕಗಳಿಗೆ ಬಾಗಿಲಿಟ್ಟು, ಒಂದು ಪಕ್ಕದಲ್ಲಿ ತಂತಿಯ ಗೂಡಿನೊಳಗೆ ಅಪರಿಚಿತ ಇಲಿಯನ್ನೂ ಇನ್ನೊಂದರಲ್ಲಿ ಅಂಥದೇ ಖಾಲಿ ಗೂಡನ್ನೂ ಇಡಲಾಗುತ್ತದೆ. ಪರೀಕ್ಷೆಗೆ ಒಳಗಾದ ಇಲಿ ಹತ್ತು ನಿಮಿಷಗಳಲ್ಲಿ ಎಷ್ಟು ಹೊತ್ತು ಯಾವ ಕಡೆ ಕಳೆಯಿತೆಂಬುದನ್ನು ಎಣಿಸಲಾಗುತ್ತದೆ. ಮುಂದಿನ ಹತ್ತು ನಿಮಿಷ ಖಾಲಿ ಗೂಡಿಗೂ ಹೊಸ ಇಲಿಯೊಂದು ಬರುತ್ತದೆ, ಆಗ ಪರಿಚಿತವನ್ನು ಬಿಟ್ಟು ಹೊಸದರ ಕಡೆಗೆ ಹೋಗುತ್ತದೆಯೇ ಎಂದು ನೋಡಲಾಗುತ್ತದೆ. ಅಪರಿಚಿತ ಇಲಿಯನ್ನು ಗೂಡಿನಲ್ಲಿ ಇಟ್ಟದ್ದರ ಉದ್ದೇಶ ಜಗಳವನ್ನು ತಪ್ಪಿಸುವುದು ಮಾತ್ರವಲ್ಲ, ಹತ್ತಿರ ಹೋಗುವ ಉಪಕ್ರಮ ಪೂರ್ತಿ ಪರೀಕ್ಷಿತ ಇಲಿಯದೇ ಆಗಿರುವಂತೆ ನೋಡಿಕೊಳ್ಳುವುದೂ ಹೌದು. ಅನೇಕ ಪ್ರಯೋಗಶಾಲೆಗಳಲ್ಲಿ ಈ ಗೂಡು, ಮೇಜಿನ ಮೇಲೆ ಪೆನ್ಸಿಲ್ ಇಡುವ ತಂತಿಯ ಬಟ್ಟಲನ್ನು ಬೋರಲು ಹಾಕಿದ್ದೇ ಆಗಿರುತ್ತದೆ, ಇಲಿ ಹತ್ತಿ ಕೂರದಿರಲೆಂದು ಅದರ ಮೇಲೊಂದು ತೂಕ. ಒಳತಳಿಯ ಸಾಮಾನ್ಯ ಇಲಿಗಳು ಬಹುಮಟ್ಟಿಗೆ ಜೊತೆಯನ್ನೇ ಬಯಸುತ್ತವೆ. ಸರಳತೆಯೇ ಈ ಪರೀಕ್ಷೆಯ ಬಲ; ಒಡನಾಟವೆಂಬ ವಿಶಾಲ ವಿಷಯವನ್ನು ಗೂಡಿನ ಪಕ್ಕ ಕಳೆದ ಸೆಕೆಂಡುಗಳಿಗೆ ಇಳಿಸಿದ್ದು ಅದರ ದೌರ್ಬಲ್ಯ.

ಒಡನಾಟವನ್ನು ಬಿಟ್ಟು ಆಟಿಸಂನ ಉಳಿದ ಎರಡು ಲಕ್ಷಣಗಳಿಗೂ ಇಲಿಯಲ್ಲಿ ಸಮಾನವಾದದ್ದನ್ನು ಹುಡುಕಬೇಕಿತ್ತು. ಮಾತಿನ ಸ್ಥಾನದಲ್ಲಿ, ತಾಯಿಯಿಂದ ಬೇರ್ಪಟ್ಟ ಮರಿಗಳು ಮನುಷ್ಯರ ಕಿವಿಗೆ ನಿಲುಕದ ಉಚ್ಚ ಕಂಪನದಲ್ಲಿ ಕೂಗುತ್ತವೆಂದು 1956ರಲ್ಲಿ ಜರ್ಮನಿಯಲ್ಲಿ ಪತ್ತೆಯಾಗಿದ್ದ ಸಂಗತಿಯನ್ನು ಬಳಸಿಕೊಳ್ಳಲಾಯಿತು. ಗಂಡಿಲಿಗಳ ಕೂಗಿಗೆ ಹಾಡಿನಂಥ ರಚನೆ ಇದೆಯೆಂದು 2005ರಲ್ಲಿ ತಿಳಿದ ಮೇಲೆ ಈ ದಾರಿಗೆ ಇನ್ನಷ್ಟು ಉತ್ಸಾಹ ಬಂದಿತು. ಆವರ್ತಿಸುವ ಚಲನೆಗಳ ಸ್ಥಾನದಲ್ಲಿ ಇಲಿ ತನ್ನ ಮೈಯನ್ನು ತಾನೇ ನೆಕ್ಕಿ ಉಜ್ಜಿಕೊಳ್ಳುವ ಹೊತ್ತನ್ನೂ, ಮರದ ಹೊಟ್ಟಿನಲ್ಲಿ ಗಾಜಿನ ಗೋಲಿಗಳನ್ನು ಹೂಳುವ ಸಂಖ್ಯೆಯನ್ನೂ ಎಣಿಸಲಾಯಿತು. ಗೋಲಿ ಹೂಳುವುದು ಮೂಲತಃ ಆತಂಕದ ಅಳತೆಯೆಂದು ಬಳಕೆಯಲ್ಲಿದ್ದುದು ಇಲ್ಲಿ ಆವರ್ತನದ ಅಳತೆಯೂ ಆದದ್ದು ಅಷ್ಟೇನೂ ನೆಮ್ಮದಿ ತರುವ ಸಂಗತಿಯಲ್ಲ. ಪ್ರಾಣಿಮಾದರಿಯನ್ನು ಒರೆಗೆ ಹಚ್ಚಲು 1984ರಲ್ಲಿ ಪಾಲ್ ವಿಲ್ನರ್ ಖಿನ್ನತೆಯ ಸಂದರ್ಭದಲ್ಲಿ ಸೂಚಿಸಿದ್ದ ಮೂರು ಒರೆಗಲ್ಲುಗಳು ಇಲ್ಲಿಯೂ ರೂಢಿಯಾದವು: ಹೊರಗೆ ಕಾಣುವ ಲಕ್ಷಣದ ಹೋಲಿಕೆ, ಮೂಲಕಾರಣದ ಹೋಲಿಕೆ, ಮತ್ತು ಔಷಧಕ್ಕೆ ತೋರುವ ಪ್ರತಿಕ್ರಿಯೆಯ ಹೋಲಿಕೆ. ಮಾರ್ಪಡಿಸಿದ ಇಲಿಗಳು ಎರಡನೆಯದರಲ್ಲಿ ಗಟ್ಟಿ, ಮೊದಲನೆಯದರಲ್ಲಿ ಸಂದಿಗ್ಧ. ಮೂರನೆಯದರ ಪರೀಕ್ಷೆ ಇನ್ನೂ ಬರಬೇಕಿತ್ತು.

ಮಾರ್ಪಡಿಸಿದ ಇಲಿಗಳಿಗೆ ತಿರುಗುಮುರುಗಾದ ಉದಾಹರಣೆ ಬಿಟಿಬಿಆರ್ ಎಂಬ ಒಳತಳಿ. ಇದರ ವಂಶವಾಹಿಯನ್ನು ಯಾರೂ ಆಟಿಸಂಗಾಗಿ ಬದಲಿಸಿರಲಿಲ್ಲ. ಜ್ಯಾಕ್ಸನ್ ಪ್ರಯೋಗಶಾಲೆಯ ಸಂಗ್ರಹದಲ್ಲಿದ್ದ ತಳಿಗಳನ್ನು ಒಂದೊಂದಾಗಿ ಮೂರು ಕೋಣೆಗಳಲ್ಲಿ ಬಿಟ್ಟು ನೋಡಿದಾಗ ಇದು ಜೊತೆಯನ್ನು ಬಯಸದೆ, ಮೈ ಉಜ್ಜಿಕೊಳ್ಳುವುದರಲ್ಲಿ ಹೆಚ್ಚು ಹೊತ್ತು ಕಳೆಯುತ್ತ, ಬೇರೆ ಬಗೆಯ ಕೂಗುಗಳನ್ನು ಹೊರಡಿಸುವುದು ಕಂಡುಬಂದಿತು. ಮೂರೂ ಲಕ್ಷಣಗಳು ಒಟ್ಟಿಗೆ ಕೂಡಿದ್ದರಿಂದ ಅದು ಬಹಳ ಜನಪ್ರಿಯವಾಯಿತು. ಆದರೆ ಮೆದುಳಿನ ಎರಡು ಅರ್ಧಗಳನ್ನು ಕೂಡಿಸುವ ನರಗಳ ಸೇತುವೇ ಈ ತಳಿಯಲ್ಲಿ ಇಲ್ಲ, ಆಟಿಸಂ ಇರುವ ಬಹುತೇಕ ಜನರಲ್ಲಿ ಅದು ಇದ್ದೇ ಇರುತ್ತದೆ. ಹೊರಗಿನ ಹೋಲಿಕೆಯನ್ನೇ ನಂಬಿದರೆ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಅಳತೆಯ ನಂಬಿಕೆಗೆ ಬಿದ್ದ ಪೆಟ್ಟುಗಳಲ್ಲಿ ನ್ಯೂರೋಲಿಗಿನ್ ಪ್ರಸಂಗ ಪ್ರಸಿದ್ಧವಾದದ್ದು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಕಿರಿದಾದ ಸಂಧಿಗೆ ಸಿನಾಪ್ಸ್ ಎನ್ನುತ್ತಾರೆ. ಆ ಸಂಧಿಯನ್ನು ಹಿಡಿದಿಡುವ ಪ್ರೊಟೀನುಗಳಲ್ಲಿ ನ್ಯೂರೋಲಿಗಿನ್ ಒಂದು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ತೋಮಾ ಬೂರ್ಜರೋನ್ ಮತ್ತು ಸಂಗಡಿಗರು 2003ರಲ್ಲಿ ಸ್ವೀಡನ್ನಿನ ಕುಟುಂಬಗಳಲ್ಲಿ ಇದರ ವಂಶವಾಹಿಯ ದೋಷಗಳನ್ನು ಪತ್ತೆಹಚ್ಚಿ, ಆಟಿಸಂನ ಹುಡುಕಾಟವನ್ನು ಸಿನಾಪ್ಸಿನ ಕಡೆಗೆ ತಿರುಗಿಸಿದರು. ಒಂದು ಕುಟುಂಬದ ಇಬ್ಬರು ಸಹೋದರರಲ್ಲಿ ಕಂಡ ಅದೇ ಬದಲಾವಣೆಯನ್ನು ಇಲಿಯಲ್ಲಿ ಕೂರಿಸಿದ ಥಾಮಸ್ ಸುಡೋಫ್‌ನ ಪ್ರಯೋಗಶಾಲೆ 2007ರಲ್ಲಿ, ಆ ಇಲಿಗಳ ಒಡನಾಟ ಕುಗ್ಗಿದೆಯೆಂದೂ ದಾರಿ ಕಲಿಯುವ ಶಕ್ತಿ ಹೆಚ್ಚಿದೆಯೆಂದೂ ವರದಿಮಾಡಿತು. ಮರುವರ್ಷ ಕ್ರಾಲಿಯ ಪ್ರಯೋಗಶಾಲೆ ಅದೇ ಬದಲಾವಣೆಯುಳ್ಳ ಇಲಿಗಳನ್ನು ಪರೀಕ್ಷಿಸಿ, ಗಮನಾರ್ಹ ವ್ಯತ್ಯಾಸ ಬಹಳ ಕಡಿಮೆ ಎಂದು ಹೇಳಿತು. ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕೆಂದಿಲ್ಲ. 1999ರಲ್ಲಿಯೇ ಪೋರ್ಟ್‌ಲ್ಯಾಂಡ್, ಎಡ್ಮಂಟನ್, ಆಲ್ಬನಿ ಎಂಬ ಮೂರು ಊರುಗಳ ಪ್ರಯೋಗಶಾಲೆಗಳು ಅದೇ ತಳಿಗಳನ್ನು, ಅದೇ ವಯಸ್ಸಿನಲ್ಲಿ, ಅದೇ ಉಪಕರಣಗಳಿಂದ, ದಿನದ ಅದೇ ಹೊತ್ತಿನಲ್ಲಿ ಪರೀಕ್ಷಿಸಿಯೂ ಕೆಲವು ಪರೀಕ್ಷೆಗಳಲ್ಲಿ ಬೇರೆ ಬೇರೆ ಉತ್ತರ ಪಡೆದಿದ್ದವು. ಮುಂದೆ 2014ರಲ್ಲಿ ಮಾಂಟ್ರಿಯಲ್‌ನಿಂದ ಬಂದ ವರದಿಯೊಂದು ಪ್ರಯೋಗ ನಡೆಸುವವನು ಗಂಡಸಾಗಿದ್ದರೆ ಅವನ ಮೈವಾಸನೆಯಿಂದಲೇ, ಅವನು ತೊಟ್ಟು ಬಿಟ್ಟ ಅಂಗಿಯಿಂದಲೂ ಕೂಡ, ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆಂದು ತೋರಿಸಿತು. ಇಷ್ಟು ನವಿರಾದ ಪ್ರಾಣಿಯ ಒಡನಾಟವನ್ನು ಹತ್ತು ನಿಮಿಷಗಳಲ್ಲಿ ಅಳೆದು ತೀರ್ಪು ಕೊಡುವುದರಲ್ಲಿ ಆತುರವಿತ್ತು ಎನ್ನದೆ ವಿಧಿಯಿಲ್ಲ.

ಇಲಿ ನಿಜವಾಗಿ ಬೆಲೆಬಾಳುವ ಉತ್ತರ ಕೊಟ್ಟದ್ದು ಬೇರೊಂದು ಪ್ರಶ್ನೆಗೆ. ರೆಟ್ ಸಿಂಡ್ರೋಮ್ ಎಂಬುದು ಬಹುಮಟ್ಟಿಗೆ ಹೆಣ್ಣುಮಕ್ಕಳಲ್ಲಿ ಕಾಣುವ, ಒಂದೆರಡು ವರ್ಷ ಸರಿಯಾಗಿ ಬೆಳೆದಂತೆ ತೋರಿ ಆಮೇಲೆ ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳುವ ಕಾಯಿಲೆ. ಹಿಂದೆ ಇದನ್ನು ಆಟಿಸಂನ ವರ್ಗದಲ್ಲಿಯೇ ಸೇರಿಸುತ್ತಿದ್ದರು. ಇದರ ಕಾರಣ ಎಂಇಸಿಪಿ2 ವಂಶವಾಹಿಯ ದೋಷವೆಂದು ಹ್ಯೂಸ್ಟನ್ನಿನ ಹುದಾ ಜೊಗ್ಬಿಯ ಗುಂಪು 1999ರಲ್ಲಿ ಕಂಡುಹಿಡಿಯಿತು. ಎಡಿನ್‌ಬರೋದ ಏಡ್ರಿಯನ್ ಬರ್ಡ್‌ನ ಗುಂಪು ಇಲಿಯಲ್ಲಿ ಆ ವಂಶವಾಹಿಯ ನಡುವೆ ಒಂದು ತಡೆಯನ್ನು ಇಟ್ಟು, ಟ್ಯಾಮಾಕ್ಸಿಫೆನ್ ಎಂಬ ಔಷಧ ಕೊಟ್ಟಾಗ ಆ ತಡೆ ತಾನಾಗಿ ಕಳಚುವಂತೆ ವ್ಯವಸ್ಥೆ ಮಾಡಿತು. 2007ರಲ್ಲಿ, ಕಾಯಿಲೆಯ ಲಕ್ಷಣಗಳು ಬಲಿತಿದ್ದ ಪ್ರಾಯದ ಇಲಿಗಳಲ್ಲಿ ತಡೆಯನ್ನು ತೆಗೆದಾಗ ಅವು ಚೇತರಿಸಿಕೊಂಡವು. ಬೆಳವಣಿಗೆಯ ಕಾಲದಲ್ಲಿ ಕೆಟ್ಟ ಮೆದುಳು ಶಾಶ್ವತವಾಗಿ ಕೆಟ್ಟಂತೆಯೇ ಎಂದು ಅದುವರೆಗೆ ಇದ್ದ ನಂಬಿಕೆ ಇದರಿಂದ ಅಲುಗಾಡಿತು. ಎಂಐಟಿಯ ಮೃಗಾಂಕ ಸೂರ್ ಮತ್ತು ಯಾನಿಶ್‌ರ ಪ್ರಯೋಗಶಾಲೆಗಳು 2009ರಲ್ಲಿ, ಇನ್ಸುಲಿನ್ನಿಗೆ ಹೋಲುವ ಬೆಳವಣಿಗೆಯ ಹಾರ್ಮೋನೊಂದರ ಮೂರು ಅಮೈನೋ ಆಮ್ಲಗಳ ತುಣುಕು ರೆಟ್ ಇಲಿಗಳ ಸ್ಥಿತಿಯನ್ನು ಭಾಗಶಃ ಸುಧಾರಿಸುವುದನ್ನು ತೋರಿಸಿದವು. ಅದಕ್ಕೆ ಹತ್ತಿರದ ರಚನೆಯುಳ್ಳ ಟ್ರೋಫಿನೆಟೈಡ್ 2023ರಲ್ಲಿ ಅಮೆರಿಕದಲ್ಲಿ ರೆಟ್ ಕಾಯಿಲೆಗೆ ಅನುಮತಿ ಪಡೆದ ಮೊದಲ ಔಷಧವಾಯಿತು. ಅದರ ಪ್ರಯೋಜನ ಸಾಧಾರಣ, ಭೇದಿಯ ಕಾಟ ಹೆಚ್ಚು.

ಶ್ಯಾಂಕ್3 ವಂಶವಾಹಿಯ ಕಥೆಯೂ ಇದೇ ಜಾಡಿನದು. ಸಿನಾಪ್ಸಿನ ಚೌಕಟ್ಟನ್ನು ಕಟ್ಟುವ ಈ ಪ್ರೊಟೀನ್ ಇಲ್ಲದ ಇಲಿಗಳು ಮುಖ ಮತ್ತು ಕುತ್ತಿಗೆಯ ಕೂದಲು ಉದುರಿ ಚರ್ಮ ಗಾಯವಾಗುವಷ್ಟು ಮೈ ಉಜ್ಜಿಕೊಳ್ಳುತ್ತವೆಂದು ಗುವೊಪಿಂಗ್ ಫೆಂಗ್‌ನ ಗುಂಪು 2011ರಲ್ಲಿ ವರದಿಮಾಡಿತು. 2016ರಲ್ಲಿ ಅದೇ ಗುಂಪು ಪ್ರಾಯದ ಇಲಿಗಳಲ್ಲಿ ವಂಶವಾಹಿಯನ್ನು ಮತ್ತೆ ಸರಿಪಡಿಸಿದಾಗ ಉಜ್ಜಿಕೊಳ್ಳುವುದು ಕಡಿಮೆಯಾಗಿ ಒಡನಾಟ ಸುಧಾರಿಸಿತು, ಆದರೆ ಆತಂಕ ಮತ್ತು ಚಲನೆಯ ತೊಂದರೆ ಹಾಗೆಯೇ ಉಳಿದವು; ಎಳೆಯ ವಯಸ್ಸಿನಲ್ಲಿಯೇ ಸರಿಪಡಿಸಿದಾಗ ಮಾತ್ರ ಅವೂ ಸುಧಾರಿಸಿದವು.

ಮೂರನೆಯ ಒರೆಗಲ್ಲು ಬಂದದ್ದು ಫ್ರಜೈಲ್ ಎಕ್ಸ್ ಮೂಲಕ, ಮತ್ತು ಅಲ್ಲಿ ಫಲ ಕಹಿಯಾಯಿತು. ಎಫ್ಎಂಆರ್1 ಇಲ್ಲದ ಇಲಿಗಳಲ್ಲಿ ಗ್ಲುಟಮೇಟ್ ಸಂದೇಶವನ್ನು ಪಡೆಯುವ ಎಂಗ್ಲುಆರ್5 ಎಂಬ ಗ್ರಾಹಕದ ಪರಿಣಾಮ ಮಿತಿಮೀರುತ್ತದೆಂದು ಮಾರ್ಕ್ ಬೇರ್ ಮತ್ತು ಕಿಂಬರ್ಲಿ ಹ್ಯೂಬರ್ 2002ರಲ್ಲಿ ಕಂಡ ಸುಳಿವಿನ ಮೇಲೆ ಒಂದು ಸಿದ್ಧಾಂತವೇ ಕಟ್ಟಿಕೊಂಡಿತು. 2007ರಲ್ಲಿ ಆ ಗ್ರಾಹಕವನ್ನು ಅರ್ಧಕ್ಕೆ ಇಳಿಸಿದ ಇಲಿಗಳಲ್ಲಿ ಹಲವು ದೋಷಗಳು ಸರಿಹೋದಾಗ, ಇದೇ ಕೆಲಸ ಮಾಡುವ ಔಷಧ ಮಕ್ಕಳಿಗೂ ಫಲಿಸುವುದೆಂಬ ಭರವಸೆ ಬಲಿಯಿತು. ದೊಡ್ಡ ಕಂಪನಿಗಳು ಹಣ ಹೂಡಿದವು, ಹೆತ್ತವರ ಸಂಘಗಳು ಬೆಂಬಲಿಸಿದವು. ನೊವಾರ್ಟಿಸ್‌ನ ಮ್ಯಾವೊಗ್ಲುರಂಟ್ ಹದಿಹರೆಯದವರಲ್ಲಿಯೂ ವಯಸ್ಕರಲ್ಲಿಯೂ ಔಷಧವಿಲ್ಲದ ಹುಸಿ ಗುಳಿಗೆಗಿಂತ ಮೇಲಾಗಿ ಕೆಲಸ ಮಾಡದೆ 2014ರಲ್ಲಿ ಆ ಪ್ರಯತ್ನ ನಿಂತಿತು. ಬೇರೊಂದು ದಾರಿಯಿಂದ ಇದೇ ಗುರಿಗೆ ಹೊರಟಿದ್ದ ಆರ್ಬಕ್ಲೋಫೆನ್ ಅದಕ್ಕೆ ಮೊದಲೇ ಮುಗ್ಗರಿಸಿತ್ತು. ಸಿದ್ಧಾಂತ ತಪ್ಪಿತ್ತೇ, ಔಷಧ ಕೊಟ್ಟ ವಯಸ್ಸು ಮೀರಿತ್ತೇ, ರೋಗಿಗಳ ಸುಧಾರಣೆಯನ್ನು ಅಳೆದ ಪ್ರಶ್ನಾವಳಿಗಳೇ ಒರಟಾಗಿದ್ದವೇ ಎಂಬ ಚರ್ಚೆ ಇಂದಿಗೂ ತೀರಿಲ್ಲ. ಆದರೆ ಇಲಿಯಲ್ಲಿ ಅಳೆದದ್ದು ಒಂದು, ಮನುಷ್ಯರಲ್ಲಿ ಅಳೆದದ್ದು ಇನ್ನೊಂದು ಎಂಬುದರಲ್ಲಿ ವಿವಾದವಿಲ್ಲ. ಒಂದೇ ವಂಶವಾಹಿಯ ನೂಲಿನಿಂದ ಎರಡನ್ನೂ ಕಟ್ಟಿಹಾಕಬಹುದೆಂದು ಭಾವಿಸಿದ್ದೇ ಅಂದಿನ ದೋಷ.

ಇನ್ನೊಂದು ಬಗೆಯ ಆಕ್ಷೇಪ ಪ್ರಯೋಗಶಾಲೆಯ ಹೊರಗಿನದು. 1993ರಲ್ಲಿ ಜಿಮ್ ಸಿಂಕ್ಲೇರ್ ಬರೆದ ಲೇಖನದಿಂದ ಮೊದಲ್ಗೊಂಡು, ಆಟಿಸಂ ಇರುವ ವ್ಯಕ್ತಿಗಳೇ ತಮ್ಮ ಸ್ಥಿತಿಯನ್ನು ಗುಣಪಡಿಸಬೇಕಾದ ರೋಗವೆಂದು ಕಾಣುವುದನ್ನು ಪ್ರಶ್ನಿಸುತ್ತ ಬಂದಿದ್ದಾರೆ; ಜೊತೆಯನ್ನು ಅರಸದ ಇಲಿಯನ್ನು ತಮ್ಮ ಪ್ರತಿರೂಪವೆಂದು ತೋರಿಸುವುದನ್ನು ಅವರಲ್ಲಿ ಅನೇಕರು ಒಪ್ಪುವುದಿಲ್ಲ. ಈ ಆಕ್ಷೇಪದಲ್ಲಿ ವೈಜ್ಞಾನಿಕವಾದ ಸತ್ಯವೂ ಇದೆ: ಮಾರ್ಪಡಿಸಿದ ಇಲಿಗಳು ಪ್ರತಿನಿಧಿಸುವುದು ಒಂದೊಂದು ಅಪರೂಪದ ಆನುವಂಶಿಕ ಕಾಯಿಲೆಯನ್ನೇ ಹೊರತು, ನೂರಾರು ವಂಶವಾಹಿಗಳ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಉಂಟಾಗುವ ಆಟಿಸಂನ ಬಹುಭಾಗವನ್ನಲ್ಲ. ಹಾಗಾಗಿಯೇ ಎಚ್ಚರಿಕೆಯುಳ್ಳ ಸಂಶೋಧಕರು ಈಗ ಆಟಿಸಂನ ಇಲಿ ಎನ್ನದೆ ಇಂಥ ವಂಶವಾಹಿಯ ಇಲಿ ಎನ್ನುತ್ತಾರೆ.

ಈ ಪರಂಪರೆಯ ಒಂದು ಕವಲು ಬೆಂಗಳೂರಿನಲ್ಲಿ ಬೇರು ಬಿಟ್ಟಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಅಮೆರಿಕದ ಸಹೋದ್ಯೋಗಿಗಳು 2010ರಲ್ಲಿ, ಭಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಮೆದುಳಿನ ಭಾಗದಲ್ಲಿ ಫ್ರಜೈಲ್ ಎಕ್ಸ್ ಇಲಿಗಳ ಸಿನಾಪ್ಸುಗಳು ಹೇಗೆ ಕೆಡುತ್ತವೆಂದು ತೋರಿಸಿದರು. ಎಂಗ್ಲುಆರ್5 ತಡೆಯುವ ಔಷಧದಿಂದ ಕೆಲವು ದೋಷ ಸರಿಹೋಗಿ ಕೆಲವು ಉಳಿದವು. ಎಡಿನ್‌ಬರೋ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಇಲ್ಲಿನ ಇನ್‌ಸ್ಟೆಮ್ ಸಂಸ್ಥೆಯೊಳಗೆ ಮೆದುಳಿನ ಬೆಳವಣಿಗೆಯ ಅಧ್ಯಯನಕ್ಕಾಗಿ ಒಂದು ಕೇಂದ್ರವೂ ಏರ್ಪಟ್ಟಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ಪ್ರಯೋಗಶಾಲೆ ಸಿನ್‌ಗ್ಯಾಪ್1 ಎಂಬ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಲಸ ಮಾಡುವ ಇಲಿಗಳನ್ನು ಅಧ್ಯಯನ ಮಾಡುತ್ತದೆ. ಮಕ್ಕಳಲ್ಲಿ ಇದೇ ಕೊರತೆ ಬುದ್ಧಿಮಾಂದ್ಯ, ಮೂರ್ಛೆರೋಗ ಮತ್ತು ಆಟಿಸಂ ಲಕ್ಷಣಗಳಿಗೆ ಕಾರಣವಾಗುತ್ತದೆ. ಇಂಥ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ರಚಿತವಾದ ಸಮಿತಿಯ ನೋಂದಣಿಯೂ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯೂ ಬೇಕು. ಕ್ಲೆಮೆಂಟ್ ಅವರು ಅಮೆರಿಕದಲ್ಲಿ ಗ್ಯಾವಿನ್ ರಂಬಾಗ್‌ನ ಪ್ರಯೋಗಶಾಲೆಯಲ್ಲಿದ್ದಾಗ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿನ್‌ಗ್ಯಾಪ್1 ಕೊರತೆಯಿರುವ ಮರಿಗಳ ಸಿನಾಪ್ಸುಗಳು ಹುಟ್ಟಿದ ಮೊದಲ ವಾರಗಳಲ್ಲಿಯೇ ಅಕಾಲದಲ್ಲಿ ಬಲಿಯುತ್ತವೆ, ಮತ್ತು ಪ್ರಾಯಕ್ಕೆ ಬಂದ ಮೇಲೆ ವಂಶವಾಹಿಯನ್ನು ಸರಿಪಡಿಸಿದರೆ ಅಲ್ಲಿ ಕಂಡ ವರ್ತನೆಯ ದೋಷಗಳು ಸುಧಾರಿಸುವುದಿಲ್ಲ. ರೆಟ್ ಇಲಿ ಹೇಳಿದ್ದಕ್ಕೆ ಇದು ನೇರ ವಿರುದ್ಧವಾದ ಉತ್ತರ; ಎರಡೂ ಒಂದೇ ಬಗೆಯ ಪ್ರಯೋಗದಿಂದ ಬಂದವಾಗಿದ್ದು, ಯಾವ ವಂಶವಾಹಿಗೆ ಯಾವ ವಯಸ್ಸಿನವರೆಗೆ ಬಾಗಿಲು ತೆರೆದಿರುತ್ತದೆ ಎಂಬುದನ್ನು ಒಂದೊಂದರಲ್ಲಿಯೂ ಬೇರೆಯಾಗಿಯೇ ಕಂಡುಕೊಳ್ಳಬೇಕಾಗಿದೆ.